ಕಾರವಾರ–ಅಂಕೋಲೆ ಸಂಪರ್ಕ ತೆಗೆದ ದಿನ

ಸೊನ್ನೆ ಇತ್ತೋ, ಒಂದು ಇತ್ತೋ, ಅಥವಾ ನಾನು ಆ ಕಡೆ ನೋಡಲೇ ಇಲ್ಲವೋ. ಮೂರನ್ನೂ ಕಣ್ಣಾರೆ ಕಂಡವನ ಹಾಗೆ ಹೇಳಬಲ್ಲೆ, ಅದೇ ತೊಂದರೆ. ಸೊನ್ನೆ ಎಂದುಕೊಂಡರೆ ಕಪ್ಪು ಪರದೆಯ ಮೇಲೆ ಬಿಳಿಯ ಸೊನ್ನೆ ಮೂಡುತ್ತದೆ. ಒಂದು ಎಂದುಕೊಂಡರೆ ಅದೇ ಜಾಗದಲ್ಲಿ ಒಂದು. ನೋಡಲಿಲ್ಲ ಎಂದುಕೊಂಡರೆ ಕಿಟಕಿಯಾಚೆ ಬೈತಖೋಲದ ಮೀನುದೋಣಿಗಳ ದಕ್ಕೆಯಲ್ಲಿ ಐಸು ಒಡೆಯುತ್ತಿದ್ದವರ ಬೆನ್ನು ಕಾಣುತ್ತದೆ, ಅಂದರೆ ನಾನು ಹೊರಗೆ ನೋಡುತ್ತ ಕೂತಿದ್ದೆ. ಒಬ್ಬ ಮನುಷ್ಯ ಒಂದೇ ಕ್ಷಣದಲ್ಲಿ ಮೂರು ಕಡೆ ನೋಡಿರಲಾರ. ಆದರೂ ನನ್ನ ತಲೆಯಲ್ಲಿ ಮೂರೂ ಇವೆ, ಮೂರಕ್ಕೂ ಒಂದೇ ಬೆಳಕು.

ನಮ್ಮ ಒಕ್ಕೂಟದ ಕಂಪ್ಯೂಟರ್ ವಿಭಾಗಕ್ಕೆ ಈಚೆಗೆ ಸೇರಿದ ಇಬ್ಬರು ಮನೆಗೆ ಬಂದು, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಎಂದು ಬರೆದುಕೊಡಿ ಅಂದರು. ಒಪ್ಪಿಕೊಂಡೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಎರಡು ಸಿಕ್ಕವು, ಎರಡೂ ತಡವಾಗಿ. ನನ್ನ ಕೆಲಸದಲ್ಲಿ ಹೇಳತಕ್ಕದ್ದು ಅಂತ ಇರುವುದು ಒಂದು ದಿನದ್ದು. ಅದರ ಹಿಂದುಮುಂದಿನದು ಅದಕ್ಕೆ ಬೇಕಾದಷ್ಟು.

ಒಕ್ಕೂಟ ಮೀನುಗಾರರದ್ದು. ಕಾರವಾರದಲ್ಲಿ ಮುಖ್ಯ ಕಚೇರಿ, ಅಂಕೋಲೆಯಲ್ಲಿ ಶಾಖೆ. ಬೇರೆ ಏನೇ ಮಾಡಲಿ ಬಿಡಲಿ, ದಿನಾ ತಪ್ಪದೆ ಮಾಡಲೇಬೇಕಾದ ಕೆಲಸವೊಂದಿತ್ತು: ಯಾವ ದೋಣಿ ಸಮುದ್ರಕ್ಕೆ ಹೋಯಿತು, ಯಾವುದು ದಡಕ್ಕೆ ಬಂತು ಎಂದು ಬರೆದಿಡುವುದು. ಕಾರವಾರದಿಂದ ಹೋದ ದೋಣಿ ಕಾರವಾರಕ್ಕೇ ಬರಬೇಕೆಂದೇನಿಲ್ಲ. ಗಾಳಿ ತಿರುಗಿದರೆ ದಕ್ಷಿಣಕ್ಕೆ ಸರಿದು ಬೇಲೆಕೇರಿಯಲ್ಲಿ ಸೇರಿಕೊಳ್ಳುತ್ತದೆ. ಬೇಲೆಕೇರಿ ಅಂಕೋಲೆ ಶಾಖೆಯ ಲೆಕ್ಕ. ಆದ್ದರಿಂದ ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಾಗಬೇಕು.

ನಾನು ಸೇರಿದಾಗ ಅದಕ್ಕಿದ್ದದ್ದು ಸಂಜೆ ಕರೆ. ಐದೂವರೆಗೆ ನಾನು ಅಂಕೋಲೆಗೆ ಫೋನು ಹಚ್ಚುತ್ತಿದ್ದೆ. ಆ ಕಡೆ ಬೀರಣ್ಣ ಎಂಬ ಹಿರಿಯ ಗುಮಾಸ್ತರು. ನಾನು ಇನ್ನೂ ಬಾರದ ದೋಣಿಯ ಹೆಸರು, ಅದನ್ನು ನಡೆಸುವ ತಾಂಡೇಲನ ಹೆಸರು ಓದಬೇಕು. ಬೀರಣ್ಣ ತಮ್ಮ ಪುಸ್ತಕ ನೋಡಿ "ಬಂತು" ಎನ್ನಬೇಕು, ಇಲ್ಲವೇ ಸುಮ್ಮನಿರಬೇಕು. "ಬರಲಿಲ್ಲ" ಎನ್ನುವ ಶಬ್ದ ಆ ಫೋನಿನಲ್ಲಿ ಯಾರೂ ಆಡುತ್ತಿರಲಿಲ್ಲ. ಹಾಗೆಂದು ಯಾರೂ ಕಲಿಸಿಕೊಟ್ಟದ್ದಲ್ಲ. ಮೊದಲ ವಾರ ನಾನೇ ಒಮ್ಮೆ ಕೇಳಿದೆ: ಹಾಗಾದರೆ ಬರಲಿಲ್ಲ ಅಂತ ಬರೆದುಕೊಳ್ಳಲೇ? ಬೀರಣ್ಣ, "ನೀನು ಎಂತದೂ ಬರೂದು ಬ್ಯಾಡ ಮಾರಾಯ. ಜಾಗ ಬಿಡು. ನಾ ಮತ್ತೆ ಹೇಳ್ತೆ" ಎಂದರು. ಆ ಬಿಟ್ಟ ಜಾಗ ತುಂಬುವ ತನಕ ಇಬ್ಬರೂ ಮನೆಗೆ ಹೋಗುವಂತಿರಲಿಲ್ಲ.

ಹೀಗೆ ಹನ್ನೊಂದು ವರ್ಷ. ಹನ್ನೆರಡೂ ಇರಬಹುದು.

ಆಮೇಲೆ ಸರ್ವರುಗಳು ಬಂದವು. ಕಾರವಾರದಲ್ಲಿ ಎರಡು, ಅಂಕೋಲೆಯಲ್ಲಿ ಎರಡು. ಒಂದು ಕೆಟ್ಟರೆ ಇನ್ನೊಂದು ನಡೆಸಿಕೊಂಡು ಹೋಗುವ ಹಾಗೆ ಜೋಡಿ ಮಾಡಿದ್ದನ್ನು ಕ್ಲಸ್ಟರ್ ಅಂದರು. ಈ ಕ್ಲಸ್ಟರಿಗೂ ಆ ಕ್ಲಸ್ಟರಿಗೂ ನಡುವೆ ಟೆಲಿಫೋನು ತಂತಿಯ ಮೇಲೆ ಒಂದು ಸಂಪರ್ಕ. ಬೇಲೆಕೇರಿಯಲ್ಲಿ ದೋಣಿ ಬಂತೆಂದು ಅಲ್ಲಿ ಬರೆದರೆ ನಮ್ಮ ಪರದೆಯಲ್ಲಿ ಅದರ ಮುಂದಿನ ಕೆಂಪು ಹೋಗಿ ಹಸಿರಾಗುತ್ತಿತ್ತು. ಬೀರಣ್ಣ ನಿವೃತ್ತರಾದರು, ಸಂಜೆ ಕರೆ ನಿಂತಿತು. "ಬೇಲೆಕೇರಿ ನೋಡು" ಎಂದರೆ ಪರದೆ ನೋಡು ಎಂದಾಯಿತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಯಂತ್ರ ನೋಡಿಕೊಳ್ಳಲು ನನ್ನನ್ನು ಹಾಕಿದರು. ಬೇರೆ ಯಾರೂ ಮುಂದೆ ಬರಲಿಲ್ಲ ಎನ್ನುವುದೇ ನನ್ನ ಅರ್ಹತೆ. ಮೊದಲ ಮಳೆಗಾಲದಲ್ಲಿ ಸರ್ವರಿನ ಕೋಣೆಗೆ ಉಪ್ಪುಗಾಳಿ ಹೊಗಬಾರದೆಂದು ಕಿಟಕಿಗೆಲ್ಲ ತಾಡಪತ್ರಿ ಬಡಿಸಿದೆ. ಎಸಿಯ ಬಿಸಿಗಾಳಿ ಹೊರಗೆ ಹೋಗುವ ದಾರಿಯೂ ಮುಚ್ಚಿ ಎರಡೂ ಯಂತ್ರ ಒಟ್ಟಿಗೆ ಕಾದು ನಿಂತವು. ಒಂದು ಕೆಟ್ಟರೆ ಇನ್ನೊಂದು ಎಂದವರು ಎರಡನ್ನೂ ಒಬ್ಬನೇ ಕೆಡಿಸಬಲ್ಲ ಎಂದು ಹೇಳಿರಲಿಲ್ಲ. ನಮ್ಮ ವ್ಯವಸ್ಥಾಪಕರು ದೇಸಾಯಿ ಸಾಹೇಬರು ಬಂದು ತಾಡಪತ್ರಿ ಮುಟ್ಟಿ ನೋಡಿ, "ರಮಾಕಾಂತ, ಮೀನು ಒಣಗಿಸೂಕೆ ಇಷ್ಟು ಖರ್ಚು ಬೇಕಾಗಿತ್ತಾ?" ಎಂದು ಕೇಳಿ ಹೋದರು. ಬಯ್ಯಲಿಲ್ಲ. ಅವರು ಬಯ್ಯುವವರಲ್ಲ. ಅವರು ಹೊಗಳುವುದು ಬೇರೆಯವರನ್ನು, ಅದು ಸಾಕಾಗುತ್ತಿತ್ತು.

ಆ ಬೇರೆಯವರು ಶೈಲಾ.

ಶೆಟಗೇರಿಯ ಹುಡುಗಿ. ತಂದೆ ಗದ್ದೆ ಮಾಡುವವರು. ಅಂಕೋಲೆ ಶಾಖೆಗೆ ಬೀರಣ್ಣನ ಜಾಗಕ್ಕೆ ಬಂದಳು. ಮೊದಲ ದಿನ ಕಾರವಾರಕ್ಕೆ ಬಂದಾಗ ಎರಡು ಜಡೆ ಹಾಕಿದ್ದಳು ಎಂದು ಬರೆಯಹೊರಟೆ. ಇಲ್ಲ, ಆ ವಯಸ್ಸಿನವಳು ಎರಡು ಜಡೆ ಹಾಕಿರಲಾರಳು. ಅವಳನ್ನು ಸಣ್ಣವಳನ್ನಾಗಿ ಮಾಡಲು ನನ್ನ ನೆನಪು ಜಡೆ ಹೆಣೆದಿದೆ. ಹೀಗೆ ಅವಳ ವಿಷಯದಲ್ಲಿ ನಾನು ಏನೇ ಹೇಳಿದರೂ ಒಂದು ಪಾಲು ಕಳೆದು ಓದಿ. ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಇದರಲ್ಲಿ ಮಾತ್ರ ನೆನಪು ತಪ್ಪಿಲ್ಲ, ಯಾಕೆಂದರೆ ಅದು ಈಗಲೂ ಇದೆ.

ಸುರುವಾದದ್ದು ಸಣ್ಣದರಿಂದ. ತಾಂಡೇಲರು ನನ್ನ ಎದುರೇ ನಿಂತು, ಆ ಅಂಕೋಲೆಯ ಶೈಲಾಬಾಯಿ ಇಲ್ಲವೇ, ಅವರಿಗೆ ಹೇಳಿದರೆ ಬೇಗ ಆಗುತ್ತದೆ ಎನ್ನುತ್ತಿದ್ದರು. ಹನ್ನೊಂದು ವರ್ಷ ಅವರ ಹೆಸರುಗಳನ್ನು ಫೋನಿನಲ್ಲಿ ಕೂಗಿದವನು ನಾನು. ಅವಳು ಒಂದು ಹೆಸರನ್ನೂ ಗಟ್ಟಿಯಾಗಿ ಓದಿದವಳಲ್ಲ. ಅವಳ ಬರವಣಿಗೆ ದುಂಡಗೆ, ನನ್ನದು ಹಾಗಲ್ಲ. ಅವಳು ಕನ್ನಡದಲ್ಲಿ ಸುರುಮಾಡಿದ ಮಾತನ್ನು ಎದುರಿನವರ ಮುಖ ನೋಡಿ ಕೊಂಕಣಿಯಲ್ಲಿ ಮುಗಿಸುತ್ತಿದ್ದಳು. ಕೊಂಕಣಿ ನನ್ನ ಮನೆಮಾತು. ಅದನ್ನೂ ಅವಳು ಚೆನ್ನಾಗಿ ಆಡಿದರೆ ನನಗೇನು ಉಳಿಯಿತು?

ನಂತರ ವೆಬ್ ಎಪಿಐ. ನಿಮಗೆ ಇದು ಉಸಿರಾಡಿದಷ್ಟು ಸಲೀಸು, ಆದರೂ ಆಗ ಹೇಗೆ ಕಂಡಿತು ಎಂದು ಬರೆಯಬೇಕು. ಅಲ್ಲಿಯವರೆಗೆ ಸರ್ವರಿಗೆ ಏನಾದರೂ ಹೇಳಬೇಕಾದರೆ ಅದರ ಪರದೆಯ ಮುಂದೆ ಕೂತು ಒಂದೊಂದೇ ಪುಟ ತೆರೆದು ಹೇಳಬೇಕಿತ್ತು. ಎರಡು ಕ್ಲಸ್ಟರುಗಳ ನಡುವಿನ ಸಂಪರ್ಕ ತೆಗೆಯಲು ಹದಿನಾಲ್ಕು ಹೆಜ್ಜೆ. ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ನಡುವೆ ಯಂತ್ರವೇ ನಿಂತು, ಇನ್ನೂ ಇಷ್ಟು ದಾಖಲೆ ಆ ಕಡೆಗೆ ಹೋಗದೆ ಕಾದಿವೆ, ಮುಂದುವರಿಯಲೇ ಎಂದು ಕೇಳುತ್ತಿತ್ತು. ಎರಡು ಸಲ ಕೇಳುತ್ತಿತ್ತು. ಸರ್ವರಿನ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಇದೇ ಮಾತನ್ನು ಒಂದು ವೆಬ್ ವಿಳಾಸದ ರೂಪದಲ್ಲಿ ಬರೆದು ಎಲ್ಲಿಂದಲಾದರೂ ಕಳಿಸಬಹುದಾಗಿತ್ತು. ವಿಳಾಸದಲ್ಲಿ ಕ್ಲಸ್ಟರಿನ ಹೆಸರು, ಸಂಪರ್ಕದ ಸಂಖ್ಯೆ. ವಿಳಾಸದ ಮುಂದೆ ಒಂದೇ ಶಬ್ದ, ಕೊಡು ಅಥವಾ ಅಳಿಸು. ಕಳಿಸಿದರೆ ಸರ್ವರು ಇನ್ನೂರು ಎಂಬ ಅಂಕೆ ಮರಳಿಸುತ್ತದೆ. ಇನ್ನೂರು ಅಂದರೆ ನೀನು ಹೇಳಿದ್ದನ್ನು ಮಾಡಿದೆ ಎಂದು. ನೀನು ಹೇಳಿದ್ದು ಸರಿ ಎಂದಲ್ಲ. ಈ ದಾರಿಯಲ್ಲಿ ಅದು ಮರುಪ್ರಶ್ನೆ ಹಾಕುವುದಿಲ್ಲ. ಕಾದಿರುವ ದಾಖಲೆ ಎಷ್ಟು ಎಂದು ತಿಳಿಯಬೇಕಾದರೆ ನೀನೇ ಬೇರೆ ವಿಳಾಸ ಬರೆದು ಕೇಳಬೇಕು. ಕೇಳದೆ ಅಳಿಸಿದರೆ ಕಾದಿದ್ದವೂ ಹೋಗುತ್ತವೆ.

ಶೈಲಾ ಇದನ್ನೆಲ್ಲ ಯಾವುದೋ ಕೈಪಿಡಿಯಿಂದ ತಾನೇ ಓದಿ ಕಲಿತಳು. ದೇಸಾಯಿ ಸಾಹೇಬರು ಅಂಕೋಲೆಗೆ ಹೋದ ದಿನ ಅವರೆದುರು ಅಲ್ಲಿಂದಲೇ ಕಾರವಾರದ ಸರ್ವರಿಗೆ ಒಂದು ಸಾಲು ಕಳಿಸಿ ಉತ್ತರ ತರಿಸಿದಳು. ನನ್ನ ಕೋಣೆಯ ಯಂತ್ರ ನನಗೆ ಗೊತ್ತಿಲ್ಲದೆ ಅವಳಿಗೆ ಉತ್ತರ ಕೊಟ್ಟಿತು. ಸಾಹೇಬರು ತಿರುಗಿ ಬಂದವರು ನನ್ನ ಮೇಜಿನ ಅಂಚಿನ ಮೇಲೆ ಕೂತು, "ಹದಿನಾಲ್ಕು ಹೆಜ್ಜೆ ಅಂತೆ ನಿಂದು. ಅದು ಒಂದೇ ಸಾಲಿಗೆ ಮಾಡ್ತದೆ ನೋಡು" ಎಂದರು. ಅದು ಅಂದರೆ ಅವಳು. ಪ್ರೀತಿಯಿಂದ ಅದು ಎನ್ನುವ ಸ್ಥಾನಕ್ಕೆ ನಾನು ಯಾವತ್ತೂ ಏರಲಿಲ್ಲ.

ಆಮೇಲೆ ಗುಟ್ಟಾಗಿ ನಾನೂ ಕಲಿಯಲು ಕೂತೆ. ಊಟದ ಬಿಡುವಿನಲ್ಲಿ ಬಾಗಿಲು ಮುಚ್ಚಿ ಪ್ರಯತ್ನ ಮಾಡುತ್ತಿದ್ದೆ. ಒಮ್ಮೆ ಒಂದು ಸಂಖ್ಯೆ ತಪ್ಪಿ ದಕ್ಕೆಯಲ್ಲಿ ಎಲ್ಲರೂ ನೋಡಲೆಂದು ಹಾಕಿದ್ದ ಪರದೆಯನ್ನೇ ಪಟ್ಟಿಯಿಂದ ಅಳಿಸಿದೆ, ಇನ್ನೂರು ಬಂತು. ಹೊರಗೆ ಮೀನಿನ ಬುಟ್ಟಿ ಹೊತ್ತವರು ಖಾಲಿ ಪರದೆ ನೋಡಿ ಕರೆಂಟು ಹೋಯಿತು ಎಂದುಕೊಂಡರು. ಯಾರಿಗೂ ತಿಳಿಯುವ ಮೊದಲು ಸರಿಮಾಡಿದೆ. ಅವಳ ಕೈಯಲ್ಲಿ ಹೀಗಾಗಿದ್ದರೆ ಅವಳು ನಗುತ್ತ ಎಲ್ಲರಿಗೂ ಹೇಳುತ್ತಿದ್ದಳು ಎಂಬುದು ಆ ಹೊತ್ತಿನಲ್ಲೂ ಚುಚ್ಚಿತು.

ಈಗ ಆ ದಿನ. ಎರಡು ಸಾವಿರದ ಎಂಟು ಇರಬೇಕು, ಮಳೆಗಾಲ ಮುಗಿದಿತ್ತು. ಎರಡೂ ಕಡೆ ಅದಕ್ಕೂ ಮುಂದಿನ ಆವೃತ್ತಿ ಹಾಕಬೇಕಾಗಿತ್ತು. ಅದಕ್ಕೆ ಎರಡು ದಿನದ ಮಟ್ಟಿಗೆ ಸಂಪರ್ಕ ತೆಗೆಯಬೇಕು. ಸಭೆಯಲ್ಲಿ ಶೈಲಾ, ಆ ಎರಡು ದಿನ ಹಳೆಯ ಸಂಜೆ ಕರೆಯನ್ನು ಮತ್ತೆ ಮಾಡೋಣ ಎಂದಳು. ಅದು ನಾನು ಹೇಳಬೇಕಾಗಿದ್ದ ಮಾತು. ಆ ಕರೆ ನನ್ನದು. ಅವಳ ಬಾಯಲ್ಲಿ ಬಂದದ್ದರಿಂದ ನಾನು ಎರಡು ದಿನಕ್ಕೆ ಏನಾಗುತ್ತದೆ ಎಂದೆ. ಸಾಹೇಬರು ಅವಳ ಕಡೆಗೇ ಆದರು: ಐದೂವರೆಗೆ ಕರೆ, ಮಾಡುವವನು ರಮಾಕಾಂತ.

ಸಂಪರ್ಕ ತೆಗೆಯುವುದೂ ನನಗೇ ಬಂತು. ಹದಿನಾಲ್ಕು ಹೆಜ್ಜೆಯಲ್ಲೇ ಮಾಡಿ ಎಂದಳು ಅವಳು, ನನಗೆ ಸುಲಭವಾಗಲಿ ಎಂದು. ನನ್ನ ಕಿವಿಗೆ ಅದು ಮುದುಕನಿಗೆ ಕೋಲು ಕೊಟ್ಟ ಹಾಗೆ ಕೇಳಿಸಿತು. ನಿನ್ನ ದಾರಿಯಲ್ಲೇ ಮಾಡುತ್ತೇನೆ, ಸಾಲು ಕಳಿಸು ಎಂದೆ. ಆ ದಿನ ಬೆಳಿಗ್ಗೆ ಅಂಕೋಲೆಯಿಂದ ಫ್ಯಾಕ್ಸ್ ಬಂತು. ಒಂದರ ಕೆಳಗೊಂದು ಸಾಲು. ಸಂಪರ್ಕದ ಸಂಖ್ಯೆ ಕೇಳುವ ಸಾಲು. ಕಾದಿರುವ ದಾಖಲೆ ಎಷ್ಟೆಂದು ಕೇಳುವ ಸಾಲು. ಕಾರವಾರದ ಕಡೆಯದನ್ನು ಅಳಿಸುವ ಸಾಲು. ಅಂಕೋಲೆಯ ಕಡೆಯದನ್ನು ಅಳಿಸುವ ಸಾಲು. ಒಂದು ಕಡೆ ಅಳಿಸಿದರೆ ಸಾಲದು, ಇನ್ನೊಂದು ಕಡೆ ತಾನಿನ್ನೂ ಕೂಡಿಕೊಂಡೇ ಇದ್ದೇನೆ ಎಂದು ತಿಳಿದು ಕಾಯುತ್ತ ಇರುತ್ತದೆ, ಅದಕ್ಕಾಗಿ ಎರಡು.

ನಾಲ್ಕು ಸಾಲು ಎಂದು ಬರೆದೆ. ಎರಡನೆಯದು ಇತ್ತೇ? ಇತ್ತು ಎಂದು ನಾನು ಈಗ ಬರೆಯುತ್ತಿರುವುದು ನೆನಪಿನಿಂದಲೋ, ಇರಬೇಕಾಗಿತ್ತು ಎಂಬ ತಿಳಿವಳಿಕೆಯಿಂದಲೋ ಹೇಳಲಾರೆ.

ಹನ್ನೊಂದೂವರೆ ಹೊತ್ತಿಗೆ ಕೂತೆ. ಒಂದೊಂದು ಸಾಲು ಕಳಿಸಿದ ಮೇಲೆ ಅದರ ಬದಿಗೆ ಪೆನ್ನಿನಿಂದ ಟಿಕ್ಕು ಹಾಕಿದೆ. ಕೊನೆಗೆ ಇನ್ನೂರು ಬಂತು. ಹದಿನಾಲ್ಕು ಹೆಜ್ಜೆಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಇದು ಮೂರು ನಿಮಿಷಕ್ಕೆ ಮುಗಿಯಿತು. ಮುಗಿದೊಡನೆ ಆದದ್ದು ಖುಷಿಯಲ್ಲ. ಇಷ್ಟು ಸುಲಭದ್ದಕ್ಕೆ ಅವಳಿಗೆ ಅಷ್ಟು ಹೊಗಳಿಕೆಯೇ ಎಂಬ ಸಿಟ್ಟು.

ಬೆಳಿಗ್ಗೆ ಬೈತಖೋಲದಿಂದ ಮೂರು ದೋಣಿ ಒಟ್ಟಿಗೆ ಹೋಗಿದ್ದವು. ಎರಡು ಮಧ್ಯಾಹ್ನದ ಹೊತ್ತಿಗೆ ಬಂದವು. ಗಾಳಿ ಎದ್ದಿತ್ತು, ಮೂರನೆಯದು ಕಣ್ಣಿಗೆ ತಪ್ಪಿತು ಎಂದರು. ಮೂರನೆಯದು ಪಾಂಡು ತಾಂಡೇಲನದು, ಜಲದುರ್ಗಾ ಎಂಬ ಹೆಸರಿನ ಸಣ್ಣ ದೋಣಿ. ನಮ್ಮ ಪರದೆಯಲ್ಲಿ ಅದರ ಮುಂದೆ ಕೆಂಪು. ಎರಡು ಗಂಟೆಯ ಮೇಲೆ ಪಾಂಡುವಿನ ಹೆಂಡತಿ ತಾರಾ ಕಚೇರಿಗೆ ಬಂದಳು. ಗಂಡನ ಮೊಬೈಲು ಅವಳ ಕೈಯಲ್ಲೇ ಇತ್ತು. ಉಪ್ಪುನೀರು ತಾಗಿ ಕೆಡುತ್ತದೆಂದು ಅವನು ಅದನ್ನು ಮನೆಯಲ್ಲಿ ಬಿಟ್ಟು ಹೋಗುತ್ತಿದ್ದ. ಅವಳು ಅಳಲಿಲ್ಲ. ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತು ಪರದೆಯನ್ನೇ ನೋಡಿದಳು. ನಮ್ಮ ಕಡೆ ಪರಿಚಯದ ಗಂಡಸರನ್ನು ಕರೆಯುವ ಹಾಗೆ ಕರೆದು ನನ್ನನ್ನು ಕೇಳಿದಳು:

"ಭಾವಾ, ಇದು ತಾನಾಗೇ ಹಸಿರಾಗ್ತದೆ, ಅಲ್ವಾ?"

ಹೌದು, ಆಗುತ್ತದೆ ಎಂದೆ.

ದೇಸಾಯಿ ಸಾಹೇಬರು ಒಳಗಿನಿಂದ ಬಂದು, "ಬೇಲೆಕೇರಿ ನೋಡಿದ್ಯಾ?" ಎಂದರು.

"ನೋಡಿದೆ ಸಾಹೇಬ್ರೆ. ಇಲ್ಲ" ಎಂದೆ.

ನಾನು ನೋಡಿದ್ದು ಪರದೆಯನ್ನು. ಬೆಳಿಗ್ಗೆ ಸಂಪರ್ಕ ಅಳಿಸಿದವನು ನಾನೇ, ಹನ್ನೊಂದೂವರೆಯ ನಂತರ ಬೇಲೆಕೇರಿಯಲ್ಲಿ ಇಡೀ ಕಾರವಾರವೇ ದಡ ಹತ್ತಿದ್ದರೂ ಆ ಪರದೆ ಹಸಿರಾಗುವಂತಿರಲಿಲ್ಲ. ನನಗೆ ಅದು ಗೊತ್ತಿರಲಿಲ್ಲ ಎಂದು ಹೇಳಲು ಬರುವುದಿಲ್ಲ. ತೆಗೆಯುವುದಿದೆ ಎಂದು ಸಾಹೇಬರಿಗೆ ಗೊತ್ತಿತ್ತು, ತೆಗೆದಾಗಿದೆ ಎಂದು ಆ ಕಟ್ಟಡದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಫೋನು ನನ್ನ ಮೊಣಕೈಯ ಪಕ್ಕದಲ್ಲಿತ್ತು. ಎತ್ತಿದರೆ ಶೈಲಾ. ಶೈಲಾ, ನಿನ್ನ ಪುಸ್ತಕದಲ್ಲಿ ಏನಿದೆ ನೋಡಮ್ಮ ಎಂದು ನಾನು ಕೇಳಬೇಕು; ಕೇಳಿದರೆ ಅವಳ ದಾರಿಯಲ್ಲಿ ಮಾಡಿದ ಕೆಲಸ ಮುಗಿದ ಎರಡು ಮೂರು ತಾಸಿಗೇ ಅವಳ ಸಹಾಯ ಬೇಕಾಯಿತು ಎಂದಾಗುತ್ತದೆ. ಕರೆಯ ಹೊತ್ತು ಐದೂವರೆ ಎಂದು ನನಗೆ ನಾನೇ ಹೇಳಿಕೊಂಡೆ.

ಈ ಫೋನಿನ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಎರಡು ಮೂರು ರೀತಿಯ ನೆನಪೂ ಇಲ್ಲ. ಒಂದೇ ಇದೆ.

ಮೂರು ಗಂಟೆಗೆ ಹುಡುಕಲು ಎರಡು ದೋಣಿ ಹೊರಟವು. ತಾರಾಳ ಅಣ್ಣ ಒಂದರಲ್ಲಿ ಹೋದ. ಗಾಳಿ ಜೋರಾಗಿಯೇ ಇತ್ತು. ದೇವಗಡದ ದೀಪಸ್ತಂಭದ ಆಚೆ ಎರಡು ದೋಣಿ ಹತ್ತಿರ ಬಂದು ಮಾತಾಡಿಕೊಳ್ಳುವಾಗ ಅಲೆ ಎತ್ತಿ ಹಾಕಿತು. ಅಂಚು ಹಿಡಿದಿದ್ದ ಅವನ ಬಲಗೈ ನಡುವೆ ಸಿಕ್ಕಿತು. ಎರಡು ಬೆರಳು ಹೋದವು. ಇದು ನಮಗೆ ಆಗ ತಿಳಿಯಲಿಲ್ಲ.

ಐದೂವರೆಗೆ ಸರಿಯಾಗಿ ಫೋನು ಹಚ್ಚಿದೆ. ತಾರಾ ಎದ್ದು ನನ್ನ ಮೇಜಿನ ಹತ್ತಿರ ಬಂದಿದ್ದಳು, ಸಾಹೇಬರು ಬಾಗಿಲಲ್ಲಿದ್ದರು. ಆ ಕಡೆ ಶೈಲಾ. ಬೀರಣ್ಣನಿಗೆ ಓದುತ್ತಿದ್ದ ರಾಗದಲ್ಲೇ ಓದಿದೆ: ಜಲದುರ್ಗಾ, ಪಾಂಡು ತಾಂಡೇಲ.

ಕಾಗದ ಮಗುಚುವ ಸದ್ದೂ ಬರಲಿಲ್ಲ. ತಕ್ಷಣ ಹೇಳಿದಳು.

"ಬಂತು ಸರ್. ಬೇಲೆಕೇರಿ. ಹನ್ನೊಂದಕ್ಕೇ ಬಂದದೆ, ನಾನೇ ಹಾಕಿದ್ದು. ನಿಮ್ಮಲ್ಲಿ ಹಸಿರು ಇಲ್ವಾ?"

ಹನ್ನೊಂದಕ್ಕೆ. ನಾನು ಅಳಿಸಲು ಕೂತದ್ದು ಹನ್ನೊಂದೂವರೆಗೆ. ಟೆಲಿಫೋನು ತಂತಿ ಆ ದಿನ ನಿಧಾನವಿತ್ತು. ಅವಳು ಹಾಕಿದ ದಾಖಲೆ ಅಲ್ಲಿಂದ ಇಲ್ಲಿಗೆ ಬಾರದೆ ಸರದಿಯಲ್ಲಿ ಕಾದಿತ್ತು. ಕಾದದ್ದು ಅದೊಂದೇ. ಎಷ್ಟೆಂದು ಕೇಳಿದ್ದರೆ ಒಂದು ಎಂಬ ಉತ್ತರ ಬರಬೇಕಾಗಿತ್ತು.

ತಾರಾಳಿಗೆ "ಬಂತು" ಎಂದೆ. ಅವಳು ಮೊದಲು ಕೂತಿದ್ದ ಬೆಂಚಿಗೇ ತಿರುಗಿ ಹೋಗಿ ಕೂತಳು. ಪಾಂಡು ಅಷ್ಟು ಹೊತ್ತೂ ಬೇಲೆಕೇರಿಯಲ್ಲಿ ಬಲೆ ಹೊಲಿಯುತ್ತಿದ್ದ. ಮನೆಗೆ ಯಾಕೆ ತಿಳಿಸಲಿಲ್ಲ ಎಂದು ಆಮೇಲೆ ಕೇಳಿದರೆ, ಆಫೀಸಿನಲ್ಲಿ ಬರೆಸಿದ ಮೇಲೆ ಇನ್ನೆಂತ ತಿಳಿಸುವುದು ಎಂದು ನನ್ನನ್ನೇ ಕೇಳಿದ. ನಮ್ಮನ್ನು ಅಷ್ಟು ನಂಬಿದ್ದ. ಅವನ ಹೆಂಡತಿಯ ಅಣ್ಣ ಕೈಗೆ ಬಟ್ಟೆ ಸುತ್ತಿಕೊಂಡು ದಕ್ಕೆಗೆ ಇಳಿದದ್ದು ಇದಾದ ಅರ್ಧ ತಾಸಿಗೆ.

ಮರುದಿನ ವಿಚಾರಣೆ. ವಿಚಾರಣೆ ಅಂದರೆ ಸಾಹೇಬರ ಕೋಣೆ, ಮೂರು ಕುರ್ಚಿ. ಶೈಲಾ ಅಂಕೋಲೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು. ನಿದ್ದೆ ಮಾಡಿದ ಮುಖ ಅಲ್ಲ. ಅವಳ ಹತ್ತಿರ ಎರಡು ಹಾಳೆ ಇದ್ದವು: ಮೊದಲು ಬರೆದದ್ದು, ಆಮೇಲೆ ಚೊಕ್ಕ ಮಾಡಿ ಬರೆದದ್ದು. ಒಂದರಲ್ಲಿ ನಾಲ್ಕು ಸಾಲು, ಇನ್ನೊಂದರಲ್ಲಿ ಮೂರು. ಕಾದಿರುವುದನ್ನು ಕೇಳುವ ಸಾಲು ಒಂದರಲ್ಲಿ ಬಿಟ್ಟುಹೋಗಿತ್ತು. ಫ್ಯಾಕ್ಸ್ ಯಂತ್ರಕ್ಕೆ ಯಾವುದನ್ನು ಹಾಕಿದೆ ಎಂದು ಅವಳಿಗೆ ಖಚಿತವಿರಲಿಲ್ಲ. ಖಚಿತವಿಲ್ಲ ಎಂದು ಅವಳೇ ಬಾಯಿಬಿಟ್ಟು ಹೇಳಿದಳು. ನಾನಾಗಿದ್ದರೆ ನಾಲ್ಕು ಸಾಲಿನದನ್ನು ಮಾತ್ರ ತರುತ್ತಿದ್ದೆ.

ಅವಳು ನನ್ನ ಕಡೆ ತಿರುಗಿದಳು.

"ಸರ್, ಎಷ್ಟು ಕಾದದೆ ಅಂತ ಕೇಳೂ ಸಾಲು, ಅದು ಇತ್ತಾ?"

"ನೀ ಕಳಿಸಿದ್ದೆಲ್ಲಾ ಮಾಡಿದೆ" ಎಂದೆ.

"ಫ್ಯಾಕ್ಸ್ ಅದ್ಯಾ ನಿಮ್ಮ ಹತ್ರ?"

"ನೋಡ್ತೆ."

ಸಾಹೇಬರು ಇಬ್ಬರ ಮುಖವನ್ನೂ ನೋಡಿದರು. ಮೇಜಿನ ಮೇಲಿದ್ದ ಮೂರು ಸಾಲಿನ ಹಾಳೆ ಎತ್ತಿಕೊಂಡರು. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳು ಶಬ್ದವಿರಲಿಲ್ಲ, ಇದ್ದಿರಲೂಬಹುದು. ಎರಡನೆಯ ಸಾಲು ಇದ್ದು ನಾನು ಬಿಟ್ಟಿದ್ದರೆ ಅದು ಸುಳ್ಳು, ಇಲ್ಲದಿದ್ದರೆ ನಿಜ. ಆ ಮಾತನ್ನು ಆಡುವಾಗ ಅದು ಯಾವುದೆಂದು ನನಗೆ ಗೊತ್ತಿತ್ತೇ ಎಂಬುದೇ ಈಗ ನನಗೆ ಗೊತ್ತಿಲ್ಲದ್ದು.

ಫ್ಯಾಕ್ಸ್ ನನ್ನ ನೋಟ್‌ಬುಕ್ಕಿನಲ್ಲಿ, ಹದಿನಾಲ್ಕು ಹೆಜ್ಜೆಯ ಪುಟದ ನಡುವೆ, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದೆ. ಕೈ ಹಾಕಿದರೆ ಸಿಗುವಂತಿತ್ತು. ಎರಡು ದಿನ ಬಿಟ್ಟು ಸಾಹೇಬರು ಸಿಕ್ಕಿತಾ ಎಂದು ಕೇಳಿದರು. ಇಲ್ಲ ಎಂದೆ. ತೆಗೆದು ಓದಿ ಆಮೇಲೆ ಇಲ್ಲ ಎಂದಿದ್ದರೆ ನಾನು ಸುಳ್ಳುಗಾರ. ನಾನು ಅದನ್ನು ಬಿಡಿಸಿಯೇ ನೋಡಲಿಲ್ಲ. ಸರ್ವರಿನಲ್ಲೂ ದಾಖಲೆ ಇತ್ತು: ಯಾವ ಸಾಲು ಎಷ್ಟು ಹೊತ್ತಿಗೆ ಬಂತು, ಏನು ಉತ್ತರ ಹೋಯಿತು ಎಲ್ಲ. ಅದು ಮೂವತ್ತು ದಿನಕ್ಕೆ ತಾನಾಗಿ ಅಳಿಯುವ ಹಾಗೆ ಇಟ್ಟಿದ್ದವನು ನಾನು. ಶೈಲಾಳಿಗೆ ಆ ಕೋಣೆಯ ಸರ್ವರು ಮುಟ್ಟುವ ಅನುಮತಿ ಆ ವಾರವೇ ಹೋಯಿತು. ಮೂವತ್ತು ದಿನ ನಾನು ದಿನಾ ಆ ಯಂತ್ರದ ಮುಂದೆ ಕೂತು ಬೇರೆ ಕೆಲಸ ಮಾಡಿದೆ.

ಅವಳನ್ನು ಕಂಪ್ಯೂಟರಿನಿಂದ ತೆಗೆದು ಐಸಿನ ಚೀಟಿ ಬರೆಯುವಲ್ಲಿಗೆ ಹಾಕಿದರು. ಒಂದು ವರ್ಷ ಬರೆದಳು. ಆಮೇಲೆ ಬಿಟ್ಟು ಹೋದಳು. ಬಿಡುವ ದಿನ ಕಾರವಾರಕ್ಕೆ ಬಂದು ಎಲ್ಲರಿಗೂ ಹೇಳಿದಳು, ನನಗೂ ಹೇಳಿದಳು. ನಾನು ಒಳ್ಳೆಯದಾಗಲಿ ಎಂದೆ. ಹೊಸ ಆವೃತ್ತಿಯ ಮೇಲೆ ಮತ್ತೆ ಕೂಡಿಸಿದ ಸಂಪರ್ಕವನ್ನು ಎರಡೂ ಕಡೆಯಿಂದ ನಾನೊಬ್ಬನೇ ನೋಡಿಕೊಳ್ಳುವಂತಾಯಿತು. ಅವಳ ಸಾಲುಗಳನ್ನೇ ಬಳಸಿದೆ. ಬೇರೆ ಉಪಾಯವಿರಲಿಲ್ಲ, ಅವು ಒಳ್ಳೆಯ ಸಾಲುಗಳು.

ಹೊಸಬರಿಗೆ ಹೇಳಬೇಕಾದ್ದು ಎಂದರೆ ಇಷ್ಟೆ. ಅಳಿಸುವ ಮೊದಲು ಕೇಳಿ. ಎರಡೂ ಕಡೆ ಅಳಿಸಿ. ಉತ್ತರದ ಅಂಕೆಯನ್ನು ನಂಬಬೇಡಿ, ಆ ಕಡೆಯ ಮನುಷ್ಯನಿಗೆ ಒಂದು ಫೋನು ಮಾಡಿ. ಆ ಮನುಷ್ಯ ನಿಮಗಿಂತ ಬುದ್ಧಿವಂತನಾಗಿದ್ದರೆ ಎರಡು ಫೋನು ಮಾಡಿ.

ನಿವೃತ್ತನಾದ ಮೇಲೆ ಒಮ್ಮೆ ಮಂಜಗುಣಿಗೆ ಹೋಗಿದ್ದೆ, ವೆಂಕಟರಮಣನಿಗೆ ಮನೆಯವರದ್ದೊಂದು ಹರಕೆ ಇತ್ತು. ದೇವಸ್ಥಾನದಿಂದ ಕೆರೆಯ ಕಡೆ ಇಳಿಯುವಾಗ ಯಾರೋ ಸರ್ ಎಂದರು. ಶೈಲಾ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಈಗ ಅಂಕೋಲೆಯಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಾಳಂತೆ. ಜೊತೆಗಿದ್ದ ಹೆಂಗಸರಿಗೆ, ನನಗೆ ಕೆಲಸ ಕಲಿಸಿದವರು ಇವರು ಎಂದು ನನ್ನನ್ನು ತೋರಿಸಿದಳು. ನಾನು ಅವಳಿಗೆ ಏನನ್ನೂ ಕಲಿಸಿರಲಿಲ್ಲ. ತಾರಾಳ ಅಣ್ಣನ ಸುದ್ದಿ ಅವಳೇ ಹೇಳಿದಳು. ಎರಡು ಬೆರಳಿಲ್ಲದ ಕೈಯಲ್ಲೇ ಬಲೆ ಹಿಡಿಯುವುದು ರೂಢಿಯಾಗಿದೆಯಂತೆ, ಅವಳು ಹೋಗಿ ನೋಡಿ ಬರುತ್ತಿರುತ್ತಾಳಂತೆ. ನಾನು ಒಮ್ಮೆಯೂ ಹೋಗಿರಲಿಲ್ಲ. ಇನ್ನು ಹೊರಡಬೇಕು ಎನ್ನುವಾಗ ಅವಳೇ ಆ ಮಾತು ತೆಗೆದಳು.

"ನಾ ಮೂರು ಸಾಲಿಂದೇ ಕಳ್ಸಿದ್ದೆ ಕಾಣ್ತದೆ ಸರ್. ಎಷ್ಟೋ ವರ್ಷ ತಲೆ ಕೆಡಿಸ್ಕಂಡೆ. ಕಡೆಗೆ ನಂದೇ ಅಂತ ಇಟ್ಕಂಡೆ. ಈಗ ಎಂತ ಇಲ್ಲ."

ನನಗೆ ಆಗ ಬಂದದ್ದು ಪಶ್ಚಾತ್ತಾಪ ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಬಂದದ್ದು ಹೊಟ್ಟೆಕಿಚ್ಚೇ. ತಪ್ಪನ್ನೂ ಅವಳು ನನಗಿಂತ ಚೊಕ್ಕಟವಾಗಿ ಹೊತ್ತು, ಇಳಿಸಿ, ಕೈ ತೊಳೆದುಕೊಂಡು ನಿಂತಿದ್ದಳು. ನಿನ್ನದಲ್ಲದೆಯೂ ಇರಬಹುದು ಎಂದು ಹೇಳಲು ಬಾಯಿ ತೆರೆದೆ. "ನಂಗೂ ಸರಿ ನೆನಪಿಲ್ಲ" ಎಂದೆ. ಅವಳು ತಲೆ ಆಡಿಸಿದಳು, ನಮಸ್ಕಾರ ಮಾಡಿ ಹೋದಳು.

ಅವತ್ತು ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಫ್ಯಾಕ್ಸ್ ಇದ್ದಲ್ಲೇ ಇತ್ತು. ಬಿಡಿಸಿದೆ. ಆ ಕಾಲದ ನುಣುಪು ಕಾಗದದ ಗುಣ ನೆನಪಿದ್ದವರಿಗೆ ಗೊತ್ತಿರುತ್ತದೆ: ಶಾಯಿಯಲ್ಲ, ಶಾಖದ ಅಕ್ಷರ, ಕೆಲವು ವರ್ಷಕ್ಕೆ ತಾನಾಗಿ ಹೋಗುತ್ತದೆ. ಹಾಳೆ ಖಾಲಿ. ಅವಳ ಒಂದಕ್ಷರವೂ ಉಳಿದಿರಲಿಲ್ಲ. ಎಡಗಡೆ ನನ್ನ ಬಾಲ್‌ಪೆನ್ನಿನ ನೀಲಿ ಟಿಕ್ಕುಗಳು ಮಾತ್ರ ಹಾಕಿದ ಹಾಗೇ ಇದ್ದವು.

ಮೂರು ಟಿಕ್ಕು.

ಅವಳು ಮೂರು ಸಾಲು ಕಳಿಸಿದ್ದರೆ ನಾನು ಮೂರನ್ನೂ ಮಾಡಿದ್ದೇನೆ. ನಾಲ್ಕು ಕಳಿಸಿದ್ದರೆ ಒಂದನ್ನು ಬಿಟ್ಟಿದ್ದೇನೆ, ಅಥವಾ ಮಾಡಿ, ಒಂದು ಎಂದು ನೋಡಿ, ಟಿಕ್ಕು ಹಾಕದೆ ಮುಂದೆ ಹೋಗಿದ್ದೇನೆ. ಮೊದಲನೆಯ ಟಿಕ್ಕಿಗೂ ಎರಡನೆಯದಕ್ಕೂ ನಡುವೆ ಜಾಗ ಸ್ವಲ್ಪ ಹೆಚ್ಚಿದೆ. ಕಾಗದದ ಮಡಿಕೆಯೂ ಸರಿಯಾಗಿ ಅಲ್ಲೇ ಬಿದ್ದಿದೆ. ಅಲ್ಲಿ ಅದು ಹಿಗ್ಗಿ ಸುಕ್ಕಾಗಿದೆ, ಅಳೆದರೆ ಒಮ್ಮೆ ಒಂದು ಸಾಲಿನಷ್ಟು ಬರುತ್ತದೆ, ಒಮ್ಮೆ ಬರುವುದಿಲ್ಲ. ಅವಳು ಕೇಳಿದ ದಿನ ಬಿಡಿಸಿದ್ದರೆ ಓದಲು ಬರುತ್ತಿತ್ತು.

ಆ ಜಾಗದಲ್ಲಿ ಸಾಲೊಂದು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ.